ಒಳಗಿನ ಗುರುತು

ಆ ಮನೆಯಿಂದ ಕೊನೆಗೆ ಹೊರಡುವವರು ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡಬೇಕು. ಒಂದು ಸಲವಲ್ಲ, ಕೈಗೆ ನಂಬಿಕೆ ಬರುವ ತನಕ. ಇದು ಅಪ್ಪನ ಕಾನೂನು. ಅಪ್ಪನದು ಬೀಗದ ಅಂಗಡಿ. ಬೀಗ ಮಾರುವುದು, ಕಳೆದ ಕೀಲಿಗೆ ನಕಲು ಮಾಡಿಕೊಡುವುದು, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರ ಮನೆಗೆ ಹೋಗಿ ತೆರೆದುಕೊಡುವುದು. ಅಂಥವನ ಮನೆಗೇ ಕಳ್ಳ ನುಗ್ಗಿದ್ದ. ಮೂರು ವರ್ಷದ ಹಿಂದೆ, ಹಾಡಹಗಲು. ಹೋದದ್ದು ಒಂದೇ ವಸ್ತು, ಅಣ್ಣನ ಲ್ಯಾಪ್‌ಟಾಪ್. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಅಂದು ಮನೆಯಿಂದ ಕೊನೆಗೆ ಹೊರಟವಳು ಅವಳು, ಆ ಮನೆಯ ಮಗಳು.

"ನಾನು ಬಂದಾಗ ಬಾಗಿಲು ಹಾರುಹೊಡೆದಿತ್ತು" ಎಂದು ಅಣ್ಣ ಹೇಳಿದ. ಅಷ್ಟೇ ಸಾಕಾಯಿತು.

ಅಪ್ಪ ಅವಳಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಬೀದಿಯವರು ಅಂಗಡಿಗೆ ಬಂದು, "ನಿಮ್ಮ ಬೀಗ ಚೆನ್ನಾಗಿದೆ ಬಿಡಿ, ಆದರೆ ಹಾಕೋರು ಬೇಕಲ್ಲ" ಎಂದು ನಗತೊಡಗಿದರು. ಎದುರಿನ ಕಟಿಂಗ್ ಶಾಪಿನವನು ಅವಳಿಗೆ ತೆರೆದಬಾಗಿಲು ಎಂದು ಹೆಸರಿಟ್ಟ. "ಏನ್ರೀ, ನಿಮ್ಮ ತೆರೆದಬಾಗಿಲು ಎಷ್ಟನೇ ಕ್ಲಾಸು?" ಎಂದು ಅಪ್ಪನನ್ನೇ ಕೇಳುತ್ತಿದ್ದ. ಅಪ್ಪ ತಲೆ ತಗ್ಗಿಸಿಕೊಂಡು ಕೀಲಿಗೆ ಅರ ಉಜ್ಜುತ್ತಿದ್ದ. ಆಮೇಲೆ ಅವಳು ಅಂಗಡಿಯ ಮುಂದೆ ಹಾದುಹೋದಾಗಲೆಲ್ಲ, ಗಿರಾಕಿಗಳಿದ್ದರೂ ಲೆಕ್ಕಿಸದೆ, "ಬಾಗಿಲು ಹಾಕಿದೀಯಾ?" ಎಂದು ಕೂಗುವುದು ಅವನಿಗೆ ಚಾಳಿಯಾಯಿತು. ಎಷ್ಟೋ ಸಲ ಬಸ್ ಸ್ಟಾಪಿನಿಂದ ವಾಪಸ್ಸು ಕಳಿಸಿದ್ದಾನೆ.

ಅವಳಿಗೆ ಕೀಲಿ ತಿರುಗಿಸಿದ್ದು ನೆನಪಿತ್ತು. ಮೊದಮೊದಲು ಚೆನ್ನಾಗಿಯೇ ನೆನಪಿತ್ತು. ಎಲ್ಲರೂ ಇಲ್ಲ ಇಲ್ಲ ಎನ್ನುತ್ತ ಹೋದಂತೆ ಆ ನೆನಪೂ ಸವೆಯಿತು. ತಿರುಗಿಸಿದ್ದು ಅಂದೋ, ಅದರ ಹಿಂದಿನ ದಿನವೋ? ಕೊನೆಗೆ ಅವಳೂ ನಂಬಿದಳು. ತನ್ನ ಕೈಯನ್ನೇ ನಂಬದ ಹುಡುಗಿಯಾದಳು. ಗ್ಯಾಸ್ ಆರಿಸಿದ ಮೇಲೆ ಮತ್ತೆ ಹೋಗಿ ನೋಡುವಳು. ಪರೀಕ್ಷೆಯಲ್ಲಿ ಬರೆದ ಸರಿ ಉತ್ತರವನ್ನು ಹೊಡೆದುಹಾಕಿ ತಪ್ಪು ಬರೆದದ್ದೂ ಉಂಟು.

ಆದರೂ ಈ ವರ್ಷ ಅವಳಿಗೆ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಸೀಟು ಸಿಕ್ಕಿತು. ಊರು ಬೇರೆ, ಹಾಸ್ಟೆಲ್ ಇತ್ತು. ಮನೆಗಳ ನಕ್ಷೆ ಬರೆಯುವ ಓದು. ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರ್ ತಂದು ಡ್ರಾಯಿಂಗ್ ಹಾಲ್‌ನಲ್ಲೇ ಕೂತು ಕೆಲಸ ಮಾಡಬೇಕು. ಅಂದರೆ ಲ್ಯಾಪ್‌ಟಾಪ್ ಬೇಕು. ರಾತ್ರಿ ಊಟಕ್ಕೆ ಕೂತಾಗ ಅವಳು ಇದನ್ನು ಹೇಳಿದಳು.

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ಡೆಸ್ಕ್‌ಟಾಪ್ ಕೊಡಿಸ್ತೀನಿ. ಮನೇಲಿರುತ್ತೆ. ನೀನೂ ಮನೇಲಿರು, ದಿನಾ ಬಸ್ಸಲ್ಲಿ ಹೋಗಿ ಬಾ."

"ಎರಡು ಬಸ್ ಬದಲಾಯಿಸಬೇಕಪ್ಪ. ಕೆಲಸ ಎಲ್ಲ ಅಲ್ಲೇ ಮಾಡಬೇಕು. ಡೆಸ್ಕ್‌ಟಾಪ್ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?"

"ಹೊತ್ಕೊಂಡು ಹೋಗೋಕಾಗಲ್ಲ ಅಂತಾನೇ ಅದು ಒಳ್ಳೇದು" ಎಂದ ಅಣ್ಣ. ಅವನು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು, ಅಂಗಡಿಗೂ ಹೋಗದೆ, ದಿನವಿಡೀ ಮೊಬೈಲಿನಲ್ಲಿ ಆಟ ಆಡಿಕೊಂಡಿದ್ದ. "ಬಾಗಿಲು ತೆಗೆದಿಟ್ಟು ಹೋದ್ರೂ ಕಳ್ಳ ಯೋಚನೆ ಮಾಡ್ತಾನೆ, ಯಾರಪ್ಪ ಇಷ್ಟು ಭಾರ ಎತ್ತೋದು ಅಂತ. ಬೇಕಾದ್ರೆ ಟೇಬಲ್ಲಿಗೆ ಸೇರಿಸಿ ಒಂದು ಕೇಬಲ್ ಬೀಗ ಹಾಕೋಣಪ್ಪ. ನಾನೇ ಆರಿಸಿ ತರ್ತೀನಿ."

ಅವಳು ಕಾಲೇಜಿಗೆ ಹೋದ ಮೇಲೆ ಹಗಲೆಲ್ಲ ಆ ದೊಡ್ಡ ಪರದೆಯ ಮುಂದೆ ಕೂರುವವನು ಯಾರೆಂದು ಅವಳಿಗೆ ಗೊತ್ತಿತ್ತು. "ಮಳಿಗೆಗಳಿಗೆ ನಾನೇ ಹೋಗಿ ನೋಡ್ತೀನಿ" ಎಂದಳು.

"ಹೋಗು. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಗೆ ಮಾತ್ರ ಹೋಗ್ಬೇಡ. ಸೆಕೆಂಡ್ ಹ್ಯಾಂಡ್ ಮಾರೋರು, ಎಲ್ಲ ಫಟಿಂಗರು" ಎಂದ ಅಣ್ಣ.

ಅವನು ಬೇಡವೆಂದದ್ದಕ್ಕೇ ಅವಳು ಮರುದಿನ ಮೊದಲು ಅಲ್ಲಿಗೆ ಹೋದಳು.

ಗಲ್ಲಿಯ ಕೊನೆಯ ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಕೊಂಡಿಗೆ ನೇತಾಡುತ್ತಿದ್ದ ಹಿತ್ತಾಳೆ ಬೀಗದ ಮೇಲೆ ಅಪ್ಪನ ಗುರುತು ಕಂಡಿತು, ಅರ್ಧ ವೃತ್ತ, ಅದರೊಳಗೆ ಒಂದು ಚುಕ್ಕಿ. ಅವಳಿಗೆ ಆಶ್ಚರ್ಯವಾಗಲಿಲ್ಲ, ಊರಿನ ಅರ್ಧ ಶಟರ್‌ಗಳಿಗೆ ಅಪ್ಪನ ಬೀಗವೇ. ಅಪ್ಪ ಮಾರುವ ಪ್ರತಿ ಬೀಗಕ್ಕೂ ಎರಡು ಕಡೆ ಗುರುತು ಒತ್ತುತ್ತಿದ್ದ. ಒಂದು ಹೊರಗೆ, ಎಲ್ಲರಿಗೂ ಕಾಣುವಂತೆ. ಇನ್ನೊಂದು ಒಳಗೆ, ಬೀಗ ತೆರೆದು ಕೊಂಡಿಯನ್ನು ತಿರುಗಿಸಿದರೆ ಮಾತ್ರ ಕಾಣುವಂತೆ. "ಹೊರಗಿನದು ಗಿರಾಕಿಗೆ, ಒಳಗಿನದು ನನಗೆ" ಎನ್ನುತ್ತಿದ್ದ. ಮನೆಯ ಕುಕ್ಕರು, ಸೈಕಲ್ಲು, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಬಿಟ್ಟಿರಲಿಲ್ಲ. ಒಳಗಿನ ಗುರುತಿನ ವಿಷಯ ಅವಳಿಗೆ ಗೊತ್ತಿತ್ತು, ಯಾಕೆಂದರೆ ರಜೆಯಲ್ಲೆಲ್ಲ ಅವಳು ಅಂಗಡಿಯಲ್ಲಿ ಕೂತು ಅಪ್ಪನಿಗೆ ಸುತ್ತಿಗೆ ಎತ್ತಿಕೊಟ್ಟವಳು. ಅಣ್ಣ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದದ್ದು ಗಲ್ಲಾಪೆಟ್ಟಿಗೆ ತೆರೆದಿರುವಾಗ ಮಾತ್ರ.

ಒಳಗೆ ದಪ್ಪ ಕನ್ನಡಕದವನೊಬ್ಬ ಕೂತಿದ್ದ. ಅವಳು ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡರ ಬೆಲೆಯನ್ನೂ ಕೇಳಿದಳು. ಅವನು ಕಪಾಟಿನಿಂದ ಒಂದೊಂದನ್ನೇ ತೆಗೆದಿಟ್ಟ. ಕೊನೆಯದು ಬೂದು ಬಣ್ಣದ್ದು.

"ಇದು ಅಗ್ಗ, ಆದರೆ ನಿಮ್ಮ ಓದಿಗೆ ಸಾಲಲ್ಲ. ಬಿಲ್ಲು ಗಿಲ್ಲು ಬರೆಯೋಕೆ ಸರಿ. ಒಬ್ಬ ಸ್ಟೂಡೆಂಟ್‌ಗೆ ಮಾರಿದ್ದೆ, ಓದು ಮುಗಿಸಿ ಎಕ್ಸ್‌ಚೇಂಜಿಗೆ ವಾಪಸ್ ತಂದ."

ಅವಳು ಅದನ್ನು ಮಗುಚಿದಳು. ತಳದ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿದ್ದರು. ಅವಳ ಬೆರಳು ಅಲ್ಲಿಯೇ ನಿಂತಿತು. ಆಮೇಲೆ ಬ್ಯಾಟರಿ ಕಳಚಿದಳು. ಬ್ಯಾಟರಿ ಕೂರುವ ಗುಂಡಿಯಲ್ಲಿ, ಕಾದ ಸೂಜಿಯಿಂದ ಕೊರೆದ ಅರ್ಧ ವೃತ್ತ, ಒಳಗೆ ಚುಕ್ಕಿ.

"ಇದನ್ನ ಮೊದಲು ನಿಮಗೆ ಮಾರಿದ್ದು ಯಾರು?"

"ಯಾಕಮ್ಮ, ಕಳ್ಳಮಾಲು ಅಂತ ಅನುಮಾನವಾ? ನನಗೂ ಬಂದಿತ್ತು. ಇನ್ನೂ ಹೊಸ ಮಾಲು, ಚಾರ್ಜರ್ ಸಮೇತ ಇಟ್ಕೊಂಡು ಬಂದ. ಮನೇಲಿ ಕೇಳ್ಲಾ ಅಂದೆ. 'ನಾನು ಬೀಗದಂಗಡಿಯವರ ಮಗ, ನಮ್ಮ ಮನೆಯಿಂದ ಕದಿಯೋರು ಯಾರಿದ್ದಾರೆ?' ಅಂದ. ನಂಬಿಕೆಗೆ ಅಂತ ಆ ಬೀಗಾನೂ ಕೊಟ್ಟು ಹೋದ." ಕನ್ನಡಕದವನು ಶಟರ್ ಕಡೆ ಕೈ ತೋರಿಸಿದ. "ಒಳ್ಳೆ ಬೀಗ. ಇವತ್ತಿಗೂ ಬೆಣ್ಣೆ ಹಾಗೆ ತಿರುಗುತ್ತೆ."

ಅವಳಿಗೆ ಅಳು ಬರಲಿಲ್ಲ. ಬಂದದ್ದು ಬೇರೆ. ಆ ದಿನ ಅವಳು ಕೀಲಿ ತಿರುಗಿಸಿದ್ದಳು. ಜಗ್ಗಿಯೂ ನೋಡಿದ್ದಳು. ಮೂರು ವರ್ಷ ತನ್ನ ಕೈಯನ್ನು ತಾನೇ ಬೈದುಕೊಂಡಿದ್ದಳು. ಆ ಮೂರು ವರ್ಷವನ್ನು ಅಣ್ಣ ಅದೇ ಊಟದ ಸಾಲಿನಲ್ಲಿ ಕೂತು, ಅನ್ನ ಕಲಸುತ್ತ, ನೋಡಿಕೊಂಡಿದ್ದ. ನಿನ್ನೆ ಬಾಯಲ್ಲಿ ತುತ್ತಿಟ್ಟುಕೊಂಡೇ ಕಳ್ಳನ ಮಾತು ಆಡಿ ನಕ್ಕಿದ್ದ.

"ಇದನ್ನ ಯಾರಿಗೂ ಕೊಡಬೇಡಿ. ಭಾನುವಾರ ಅಪ್ಪನ್ನ ಕರ್ಕೊಂಡು ಬರ್ತೀನಿ" ಎಂದಳು.

ಮನೆಗೆ ಹೋಗಿ ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಅಣ್ಣ ಕಣ್ಣೀರು ಹಾಕುತ್ತಿದ್ದ, ಅಮ್ಮ ನಡುವೆ ಬರುತ್ತಿದ್ದಳು, ಅಪ್ಪ ನಂಬುತ್ತಿದ್ದನೋ ಇಲ್ಲವೋ. ಬಾಗಿಲು ತೆರೆದಿಟ್ಟವಳ ಮಾತು ಯಾರಿಗೆ ಬೇಕು? ಹಾಗಾಗಿ ಅವಳು ತಣ್ಣಗೆ, "ನೀವು ಹೇಳಿದ್ದೇ ಸರಿ, ಡೆಸ್ಕ್‌ಟಾಪೇ ಇರಲಿ" ಎಂದಳು. "ಅಣ್ಣನೂ ಬರಲಿ. ಕಂಪ್ಯೂಟರ್ ವಿಷಯ ಅವನಿಗೇ ಗೊತ್ತಲ್ಲ." ಅಣ್ಣ ಉಬ್ಬಿಹೋದ. ಆ ವಾರವೆಲ್ಲ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಎಂದು ಪಾಠ ಮಾಡಿದ. ಅವಳು ತಲೆಯಾಡಿಸುತ್ತ ಕೇಳಿದಳು. ಅಷ್ಟು ರುಚಿಯಾಗಿ ಅವಳು ಯಾವ ಪಾಠವನ್ನೂ ಕೇಳಿರಲಿಲ್ಲ.

ಭಾನುವಾರ ಬಸ್ ಇಳಿದು ಗಲ್ಲಿಯ ಕಡೆ ತಿರುಗಿದಾಗ ಅಣ್ಣನ ಕಾಲು ನಿಧಾನವಾಯಿತು.

"ಇಲ್ಲಿ ಬೇಡಪ್ಪ. ಮೇನ್ ರೋಡಲ್ಲಿ ದೊಡ್ಡ ಶೋರೂಮ್ ಇದೆ."

"ನೋಡೋಕೇನು ದುಡ್ಡಾ?" ಎಂದಳು ಅವಳು.

"ನನಗೆ ಹೊಟ್ಟೆ ಯಾಕೋ ಸರಿಯಿಲ್ಲ. ನೀವು ನೋಡ್ಕೊಂಡು ಬನ್ನಿ."

"ಬಾರೋ, ಸುಮ್ನೆ ನಖರಾ ಮಾಡ್ಬೇಡ" ಎಂದು ಅಪ್ಪ ಅವನ ಭುಜ ಹಿಡಿದು ಕರೆದೊಯ್ದ.

ಯಾವ ಅಂಗಡಿಗೆ ಹೋದರೂ ಅಪ್ಪ ಮೊದಲು ನೋಡುವುದು ಬೀಗ. ಶಟರಿನ ಬೀಗವನ್ನು ಅಂಗೈಯಲ್ಲಿಟ್ಟುಕೊಂಡು ತೂಗಿದ, ತೆರೆದಿದ್ದ ಕೊಂಡಿಯನ್ನು ತಿರುಗಿಸಿ ಒಳಗಿನ ಗುರುತು ನೋಡಿದ, ಮುಖ ಅರಳಿತು. "ನಮ್ಮದೇ. ಯಾವಾಗ ತಗೊಂಡ್ರಿ?"

ಕನ್ನಡಕದವನು ಎದ್ದು ಬಂದ. "ತಗೊಂಡಿದ್ದಲ್ಲ ಯಜಮಾನ್ರೇ, ನಿಮ್ಮ ಮಗನೇ ಕೊಟ್ಟಿದ್ದು. ಏನಪ್ಪ, ಆಮೇಲೆ ಈ ಕಡೆ ತಲೇನೇ ಹಾಕ್ಲಿಲ್ಲ? ನಿನ್ನ ಲ್ಯಾಪ್‌ಟಾಪ್ ವಾಪಸ್ ಬಂದಿದೆ ನೋಡು."

ಅಣ್ಣ ಇಂಗು ತಿಂದ ಮಂಗನಂತೆ ನಿಂತ. "ಯಾರೋ ಅಂದ್ಕೊಂಡಿದ್ದೀರಿ ನೀವು" ಎಂದ.

ಅವಳು ಬೂದು ಲ್ಯಾಪ್‌ಟಾಪನ್ನು ಎತ್ತಿ ಅಪ್ಪನ ಮುಂದೆ ಮಗುಚಿ ಇಟ್ಟಳು. ಉಜ್ಜಿದ ಮೂಲೆಯನ್ನು ಅಪ್ಪ ಹೆಬ್ಬೆರಳಿನಿಂದ ಸವರಿದ. ತಾನೇ ಬ್ಯಾಟರಿ ಕಳಚಿದ. ನೋಡಿದ. ಆ ಮೇಲೆ ಬ್ಯಾಟರಿಯನ್ನು ವಾಪಸ್ ಕೂರಿಸಲು ಹೋದ. ಎಂಥ ಬೀಗವನ್ನೂ ಕಣ್ಣುಮುಚ್ಚಿ ಬಿಚ್ಚುವ ಆ ಬೆರಳುಗಳಿಗೆ ಅದು ಕೂರಲಿಲ್ಲ.

"ಯಾಕೋ?" ಎಂದ.

"ಆನ್‌ಲೈನ್ ಆಟದಲ್ಲಿ ಸೋತಿದ್ದೆ. ಒಂದು ಸಲ ಅಷ್ಟೇ ಅಪ್ಪ."

"ಅದಲ್ಲ ಕೇಳಿದ್ದು. ಬಾಗಿಲು ಯಾಕೆ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಬಾಗಿಲು ತೆರೆದಿತ್ತು ಎಂದರೆ ಆ ಮನೆಯಲ್ಲಿ ಮುಂದಿನ ಪ್ರಶ್ನೆಯೇ ಇರುವುದಿಲ್ಲ.

ಅಪ್ಪ ಅವಳ ಕಡೆ ತಿರುಗಿದ. "ನಿನಗೆ ಯಾವುದು ಬೇಕೋ ತಗೋ. ಲ್ಯಾಪ್‌ಟಾಪೇ ತಗೋ. ಹೊಸದು." ಬೆಲೆ ಕೇಳಲಿಲ್ಲ. ಕ್ಷಮೆ ಎಂಬ ಮಾತು ಅವನಿಗೆ ಬರುತ್ತಿರಲಿಲ್ಲ, ಇದೇ ಅವನ ಕ್ಷಮೆ ಎಂದು ಅವಳಿಗೆ ಅರ್ಥವಾಯಿತು. ಆದರೆ ಅವಳಿಗೆ ಅದು ಸಾಲಲಿಲ್ಲ.

"ಹೊಸದು ತಗೋತೀನಿ" ಎಂದಳು. "ಇದನ್ನೂ ಕೊಂಡ್ಕೋ."

"ಈ ಹಳೇದು ಯಾಕೆ?"

"ಅಂಗಡೀಲಿಡು. ಅಣ್ಣ ಕೂತು ಬಿಲ್ ಬರೀಲಿ. ಬಿಲ್ಲಿಗೆ ಸರಿಹೋಗುತ್ತೆ ಅಂತ ಇವರೇ ಹೇಳಿದ್ರು."

ಅಣ್ಣ ತಲೆ ಎತ್ತಿದ. ಅವನಿಗೆ ತಕ್ಷಣ ಅರ್ಥವಾಗಿತ್ತು. ಅಪ್ಪನ ಅಂಗಡಿಯ ಎದುರಿಗೆ ಕಟಿಂಗ್ ಶಾಪು. ಬೀದಿಯ ಸುದ್ದಿಯೆಲ್ಲ ಅಲ್ಲೇ ಹುಟ್ಟಿ ಅಲ್ಲೇ ಬೆಳೆಯುವುದು.

ಮನೆಯಲ್ಲಿ ಅಮ್ಮ ಎಲ್ಲ ಕೇಳಿ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಹೋಗ್ಲಿ ಬಿಡೇ. ಒಡಹುಟ್ಟಿದೋನು. ಮನೆ ಮಾತು ಮನೇಲೇ ಇರ್ಲಿ."

"ನನ್ನ ಮಾತು ಮನೇಲೇ ಇತ್ತೇನಮ್ಮ?"

"ಅವನ ಮಾನ ಹೋಗುತ್ತೆ ಕಣೇ. ನಾಳೆ ಅವನಿಗೆ ಹೆಣ್ಣು ಯಾರು ಕೊಡ್ತಾರೆ?"

"ತೆರೆದಬಾಗಿಲು ಅಂತ ಕರೆಸಿಕೊಂಡೋಳನ್ನ ಕೇಳ್ಕೊಂಡು ಬರೋರು ಸಾಲಾಗಿ ನಿಂತಿದ್ರಾ?"

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಗೋಡೆ ನೋಡುತ್ತಿದ್ದ. ಅಣ್ಣ ಅವಳ ಹತ್ತಿರ ಬಂದು ಮೆಲ್ಲಗೆ, "ನಿನಗೆ ಬೇಕಾದ್ದೆಲ್ಲ ಸಿಕ್ತಲ್ಲ. ಇನ್ನೇನು?" ಎಂದ.

"ಬೇಕಾದ್ದು ಲ್ಯಾಪ್‌ಟಾಪ್ ಅಂದ್ಕೊಂಡ್ಯಾ?"

ಮರುದಿನ ಅಪ್ಪ ಆ ಬೂದು ಲ್ಯಾಪ್‌ಟಾಪನ್ನು ಅಂಗಡಿಯ ಕೌಂಟರಿಗೆ ಕೇಬಲ್ ಬೀಗದಿಂದ ಕಟ್ಟಿದ. ಅವಳ ಡೆಸ್ಕ್‌ಟಾಪಿಗೆಂದು ಅಣ್ಣ ಆಗಲೇ ಆರಿಸಿ ತಂದಿದ್ದ ಬೀಗ ಅದೇ. ಅಣ್ಣ ಅದರ ಹಿಂದೆ ಕೂತ. ಮೊದಲನೇ ದಿನವೇ ಕಟಿಂಗ್ ಶಾಪಿನವನು ಕತ್ತರಿ ಕೈಯಲ್ಲೇ ಹಿಡಿದು ರಸ್ತೆ ದಾಟಿ ಬಂದ. "ಇದು ಹೋಗಿತ್ತಲ್ಲ ಮಾರಾಯ? ಎಲ್ಲಿ ಸಿಕ್ತು? ಕಳ್ಳ ಸಿಕ್ಕಿದ್ನಾ?"

ಅಂಗಡಿಯ ಒಳಗೆ ಅಪ್ಪನ ಪಕ್ಕದಲ್ಲಿ ಅವಳು ಇದ್ದಳು. ಅಣ್ಣ ಸಹಾಯಕ್ಕೆಂದು ಅಪ್ಪನ ಕಡೆ ನೋಡಿದ. ಅಪ್ಪ ಅರ ಉಜ್ಜುವುದನ್ನು ನಿಲ್ಲಿಸಿ, "ಕೇಳ್ತಿದ್ದಾರಲ್ಲ, ಹೇಳು" ಎಂದ.

ಅಣ್ಣ ಹೇಳಿದ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಆದರೂ ಜನ ಬರುವುದು ನಿಲ್ಲಲಿಲ್ಲ. ಎಲ್ಲರಿಗೂ ಅವನ ಬಾಯಿಂದಲೇ ಕೇಳಬೇಕಿತ್ತು. ಬೀಗ ಬೇಕಿಲ್ಲದವರೂ ಬೀಗ ಕೊಂಡರು. ವ್ಯಾಪಾರ ಜೋರಾಯಿತು. ಅವಳು ಹೊರಡುವ ತನಕ ದಿನಾ ಅಂಗಡಿಗೆ ಹೋಗಿ ಕೂತಳು. ಪ್ರತಿ ಸಲ ಅವನು ಹೇಳುವಾಗಲೂ ಕೇಳಿದಳು. ಬೇಸರವಾಗಲಿಲ್ಲ. ಆಗಬಹುದೆಂದು ಕಾದಳು, ಆಗಲಿಲ್ಲ.

ಹಾಸ್ಟೆಲಿಗೆ ಹೊರಟ ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋಗಿದ್ದಳು, ಅಪ್ಪ ಅಣ್ಣ ಅಂಗಡಿಯಲ್ಲಿದ್ದರು. ಮನೆಯಿಂದ ಕೊನೆಗೆ ಹೊರಟವಳು ಅವಳೇ. ಬೆನ್ನಿಗೆ ಹೊಸ ಲ್ಯಾಪ್‌ಟಾಪಿನ ಚೀಲ, ಕೈಯಲ್ಲಿ ಸೂಟ್‌ಕೇಸು. ಅಂಗಡಿಯ ಮುಂದೆ ಬಂದಾಗ ಗಿರಾಕಿಗಳ ನಡುವಿನಿಂದ ಅಪ್ಪನ ಬಾಯಿಗೆ ಅಭ್ಯಾಸದ ಮಾತೇ ಬಂತು.

"ಬಾಗಿಲು ಹಾಕಿದೀಯಾ?"

"ಇಲ್ಲ" ಎಂದಳು. ಕೀಲಿಯನ್ನು ಕೌಂಟರಿನ ಮೇಲೆ, ಬೂದು ಲ್ಯಾಪ್‌ಟಾಪಿನ ಪಕ್ಕದಲ್ಲಿ ಇಟ್ಟಳು. "ತೆರೆದೇ ಇಟ್ಟು ಬಂದಿದೀನಿ."

ಎದುರಿನ ಕಟಿಂಗ್ ಶಾಪಿನವನು ಬಾಗಿಲಿಗೆ ಬಂದು ನಿಂತ. ಅಪ್ಪ ಅವಳನ್ನು ನೋಡಿದ, ಕೀಲಿಯನ್ನು ನೋಡಿದ, ಕೊನೆಗೆ ಮಗನನ್ನು ನೋಡಿದ. ಅಣ್ಣ ಬಿಲ್ಲು ಅರ್ಧಕ್ಕೆ ಬಿಟ್ಟು ಎದ್ದ, ಕೀಲಿ ತೆಗೆದುಕೊಂಡ, ಎಲ್ಲರೂ ನೋಡುತ್ತಿರುವಂತೆ ಮನೆಯ ಕಡೆ ನಡೆದ.

"ಜಗ್ಗಿ ನೋಡು" ಎಂದು ಅವಳು ಹಿಂದಿನಿಂದ ಕೂಗಿದಳು.