ವೀರಮ್ಮನ ದನಿ

ಮೇಘಶ್ರೀ ಕೇಳಿದ್ದು ಇಷ್ಟೇ: "ಅಣ್ಣ, ಎರಡು ಹಾರ್ಡ್ ಡಿಸ್ಕ್‌ನಾಗೂ ಒಂದೇ ಇರ್ಬೇಕು. ಒಂದು ಕೆಟ್ರೆ ಇನ್ನೊಂದ್ರಾಗೆ ಸಿಗ್ಬೇಕು."

ಚಿತ್ರದುರ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವಳ ಅಣ್ಣ ಚೇತನ್‌ಕುಮಾರ್, "ಎರಡು ಡಿಸ್ಕ್ ಜೋಡಿಸಿ ರೇಡ್ ಹಾಕಿದೀನಿ, ಚಿಂತೆ ಬಿಡು" ಅಂದಿದ್ದ. ಅವಳು ನಂಬಿದಳು. ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಓಡಾಡಿ ರೆಕಾರ್ಡ್ ಮಾಡಿದ್ದ ಸೋಬಾನೆ ಪದಗಳನ್ನೆಲ್ಲ, ಯಲ್ಲದಕೆರೆಯ ವೀರಮ್ಮ ಹಾಡಿದ್ದನ್ನೂ ಸೇರಿಸಿ, ಅದರಲ್ಲೇ ತುಂಬಿಟ್ಟಳು.

ಒಂದು ಬೆಳಿಗ್ಗೆ ಒಂದು ಡಿಸ್ಕ್ ಕಟಕಟ ಸದ್ದು ಮಾಡಿ ನಿಂತುಹೋಯಿತು. ಇನ್ನೊಂದು ಚೆನ್ನಾಗೇ ಇತ್ತು. ಆದರೂ ಒಂದು ಪದವೂ ತೆರೆಯಲಿಲ್ಲ. ದಾವಣಗೆರೆಗೆ ಕೊಂಡೊಯ್ದು ತೋರಿಸಿದರೂ ಅಲ್ಲಿಯವರು ಕೈಚೆಲ್ಲಿಬಿಟ್ಟರು.

"ಎರಡ್ರಾಗೂ ಒಂದೇ ಇಟ್ರೆ ಅರ್ಧ ಜಾಗ ದಂಡ ಅಂತ ಬೇರೆ ಥರ ಹಾಕಿದ್ದೆ," ಅಂದ ಚೇತನ್. "ಫೈಲು ಚೂರುಚೂರಾಗಿ ಎರಡ್ರಾಗೂ ಹಂಚ್ಕಂಡಿರ್ತೈತೆ. ಸ್ಪೀಡ್ ಜಾಸ್ತಿ."

"ಒಂದು ಕೆಟ್ರೆ?"

"ಎಲ್ಲಾ ಹೋದಂಗೇ." ಆಮೇಲೆ ನಗಲು ನೋಡಿದ. "ಪದ ತಾನೆ? ಇನ್ನೊಂದ್ಸಲ ಹಾಡಿಸ್ಕಂಡ್ರಾತು."

ಮೇಘಶ್ರೀಗೆ ಮೈಯೆಲ್ಲ ಉರಿಯಿತು. "ವೀರಮ್ಮ ಸತ್ತೋಗಿದಾಳೆ. ಯಾರ ಕೈಲಿ ಹಾಡಿಸ್ಲಿ, ನಿನ್ನ ಸ್ಪೀಡ್ ಕೈಲಾ? ನಡಿ ಯಲ್ಲದಕೆರೆಗೆ. ಅವಳ ಅಕ್ಕಂಗೆ ನೀನೇ ಹೇಳು."

ವೀರಮ್ಮನ ಅಕ್ಕ ಉಚ್ಚಂಗೆಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. "ಬರ್ರಿ, ಕುಂತ್ಕಳ್ರಿ" ಅಂದಳು. ಚೇತನ್ "ಅಜ್ಜಿ, ಸ್ವಲ್ಪ ಟೆಕ್ನಿಕಲ್ ಪ್ರಾಬ್ಲಮ್ಮು..." ಅಂತ ಶುರುಮಾಡಿದ.

"ನೆಟ್ಟಗೆ ಹೇಳು," ಅಂದಳು ಮೇಘಶ್ರೀ.

ಹೇಳಿದ. ಮುದುಕಿಯ ಕೈ ನಿಂತಿತು.

"ನನ್ನ ತಂಗಿ ಕೆಮ್ಮಿಕೆಮ್ಮಿ ಹಾಡಿದ್ಲು. ಸಾಕು ಮಾಡೇ ಅಂದ್ರೂ, ಹುಡುಗಿ ಜೋಪಾನವಾಗಿ ಇಟ್ಕಂತಾಳೆ ಅಂದ್ಲು. ಜಾಗ ದಂಡ ಅಂತೇನಲೇ ನಿಂಗೆ?" ಆಮೇಲೆ ಮೇಘಶ್ರೀ ಕಡೆ ತಿರುಗಿದಳು. "ನೀನಾದ್ರೂ ನೋಡ್ಬಾರದಿತ್ತಾ? ಕಣ್ಣುಮುಚ್ಕಂಡು ಇವ್ನಿಗೆ ಒಪ್ಪಿಸಿದ್ಯಾ?"

ಮುದುಕಿ ಹುಣಸೆಹಣ್ಣನ್ನು ಪಕ್ಕಕ್ಕೆ ತಳ್ಳಿದಳು.

"ಪದದ ಸಾಲು ಅವಳು ಮೊದ್ಲು ಎತ್ತಿಕೊಡ್ತಿದ್ಲು, ನಾನು ಹಿಂದೆ ಹೇಳ್ತಿದ್ದೆ. ಒಬ್ಬಳೇ ನಂಗೆ ಬರಾಕಿಲ್ಲ. ಎದ್ದು ಹೋಗ್ರಿ."

ಅಂಗಡಿಗೆ ಬಂದದ್ದೇ ಮೇಘಶ್ರೀ ಅಣ್ಣನನ್ನು ಕುರ್ಚಿಯಿಂದ ಎಬ್ಬಿಸಿದಳು. ಎರಡು ಹೊಸ ಡಿಸ್ಕ್ ಜೋಡಿಸಿ, ಎರಡರಲ್ಲೂ ಒಂದೇ ಉಳಿಯುವ ಹಾಗೆ ತಾನೇ ರೇಡ್ ಮಾಡಿದಳು. ತನ್ನದೇ ಮಾತು ರೆಕಾರ್ಡ್ ಮಾಡಿ ಅದರಲ್ಲಿಟ್ಟು, ಒಂದು ಡಿಸ್ಕಿನ ವೈರು ಕಿತ್ತಳು. ಆದರೂ ಇನ್ನೊಂದರಿಂದ ಮಾತು ಕೇಳಿಸಿತು.

"ಹಿಂಗೊಂದು ಸಲ ಕಿತ್ತು ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂತ ಕೂಗಿದಳು. ಗಿರಾಕಿಗಳು ತಿರುಗಿ ನೋಡಿದರು.

ಕೆಲವು ದಿನಗಳಾದ ಮೇಲೆ ಉಚ್ಚಂಗೆಮ್ಮನ ಫೋನ್ ಬಂತು. "ಸಿಟ್ಟು ಇಳಿದಿಲ್ಲ ನಂಗೆ. ಆದ್ರೂ ಬಾ. ವೀರಿ ಎತ್ತಿಕೊಡ್ತಿದ್ದ ಸಾಲು ಅಷ್ಟೋ ಇಷ್ಟೋ ನೆನಪಿಗೆ ಬರ್ತಾವೆ. ನಿನ್ನ ಅಣ್ಣನ್ನ ಮಾತ್ರ ಕರ್ಕಂಡು ಬರಬ್ಯಾಡ."

"ಬೈಕ್‌ನಾಗೆ ಊರ ಬಾಗಿಲ ತನಕ ಬಿಡ್ತೀನಿ," ಅಂದ ಚೇತನ್.

"ಬ್ಯಾಡ," ಅಂದಳು ಮೇಘಶ್ರೀ. ರೆಕಾರ್ಡರನ್ನು ಬ್ಯಾಗಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.