ಇನ್ನೂರು ಅಂಗಿಗಳ ಆರ್ಡರ್

ಬಟ್ಟೆ ಕತ್ತರಿಸುವುದರಲ್ಲಿ ಮಾಸ್ತರ ಎತ್ತಿದ ಕೈ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಭುಜದ ಅಳತೆ ಹೇಳಿಬಿಡುತ್ತಿದ್ದ ಆಸಾಮಿ. ಲಕ್ವ ಹೊಡೆದದ್ದು ಆ ಕೈಗೇ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು.

ಮೊದಲ ವರ್ಷ ಅವನು ಬದುಕಿದ್ದೇ ದೊಡ್ಡದು. ಎರಡನೆಯ ವರ್ಷ ಕಾಲೆಳೆದುಕೊಂಡು ನಡೆದ. ಮಾತು ಮಾತ್ರ ‘ಇದು’ ಎಂಬಲ್ಲಿಗೆ ಬಂದು ನಿಂತುಬಿಟ್ಟಿತು. ನೀರು ಬೇಕಾದರೂ ಇದು, ಹೆಂಡತಿಯನ್ನು ಕರೆಯಲೂ ಇದು, ಸಿಟ್ಟು ಬಂದರೆ ಇದು ಇದು ಇದು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಒಂದು ದಿನ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು, ಬಲಗೈಯ ಆಸೆ ಬಿಡಿ, ಎಡಗೈ ಪಳಗಿಸಿಕೊಳ್ಳಿ ಎಂದು. ಅಂದು ಸಂಜೆಯೇ ಮಾಸ್ತರ ಎಡಗೈಗೆ ಕತ್ತರಿ ತೆಗೆದುಕೊಂಡ.

ಅದೇನು ಸುಲಭವೇ? ಅವನ ಕತ್ತರಿ ಬಲಗೈಯವರಿಗೆಂದೇ ಮಾಡಿದ್ದು. ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದಕ್ಕೊಂದು ತಾಗದೆ ಬಟ್ಟೆಯನ್ನು ಅಗಿಯುತ್ತವೆ. ಹೆಬ್ಬೆರಳನ್ನು ಒಳಕ್ಕೆ ಎಳೆದು, ಉಳಿದ ಬೆರಳುಗಳನ್ನು ಹೊರಕ್ಕೆ ತಳ್ಳಿ, ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಅದು ಜರುಗದಂತೆ ಮಾಡಿ, ಒಂದು ವರ್ಷ ಪೂರ್ತಿ ಹಳೇ ಪತ್ರಿಕೆಗಳನ್ನು ಕತ್ತರಿಸಿದ. ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಹಟಮಾರಿ, ಬಿಡುವವನಲ್ಲ.

ಇನ್ನು ಅವನ ತಮ್ಮ. ಹದಿನೆಂಟು ವರ್ಷ ಅಣ್ಣನ ಅಂಗಡಿಯಲ್ಲಿ ಮಿಷನ್ ತುಳಿದವನು. ಕತ್ತರಿಸುವವನು ಮಾಸ್ತರ, ಹೊಲಿಯುವವನು ಆಳು, ಇದು ಆ ಅಂಗಡಿಯ ಕಾನೂನು. ತಮ್ಮ ಅಪ್ಪಿತಪ್ಪಿ ಕತ್ತರಿ ಮುಟ್ಟಿದರೆ ಗಿರಾಕಿಗಳ ಮುಂದೆಯೇ ಮರದ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಮೂವತ್ತೈದು ದಾಟಿದವನಿಗೆ ಹಾಗೆ ಹೊಡೆಯುವುದೇ? ಮಾಸ್ತರ ಹೊಡೆಯುತ್ತಿದ್ದ, ಹೊಡೆದು ನಗುತ್ತಲೂ ಇದ್ದ. ಅಣ್ಣ ಹಾಸಿಗೆ ಹಿಡಿದ ವಾರವೇ ತಮ್ಮ ಕಟಿಂಗ್ ಮೇಜಿಗೆ ಬಂದು ನಿಂತ. ಈಗ ಗಿರಾಕಿಗಳು ಮಾಸ್ತರೇ ಎಂದು ಕರೆಯುವುದು ಅವನನ್ನು.

ನಾಲ್ಕನೆಯ ವರ್ಷ ಅಣ್ಣ ಕಾಲೆಳೆಯುತ್ತಾ ಅಂಗಡಿಗೆ ಬಂದು ತನ್ನ ಹಳೆಯ ಮೇಜಿನ ಮೇಲೆ ಎಡಗೈ ಊರಿ ‘ಇದು’ ಎಂದ. ತಮ್ಮ ಇಲ್ಲವೆನ್ನಲಿಲ್ಲ. ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಸಿದ.

“ಒಂದು ಕಾರ್ಖಾನೆಯವರು ಇನ್ನೂರು ಅಂಗಿ ಕೇಳಿದಾರೆ ಅಣ್ಣ. ಕಟಿಂಗ್ ಎಲ್ಲಾ ನಿಂದೇ.”

ನೀಲಿ ಬಟ್ಟೆಯ ಥಾನು ಬಂತು. ದಿನಾ ಅಳತೆಯ ಚೀಟಿ ಬಂತು. ಮೊದಮೊದಲು ದಿನಕ್ಕೆ ಒಂದು ಅಂಗಿ, ಅದೂ ಸೊಟ್ಟ. ನಾಲ್ಕು ತಿಂಗಳಲ್ಲಿ ಕೈ ಪಳಗಿ ದಿನಕ್ಕೆ ಮೂರು. ಒಂದೊಂದು ಅಂಗಿಯ ತುಂಡುಗಳನ್ನೂ ಸುತ್ತಿ, ಹಲ್ಲಿನಲ್ಲಿ ಎಳೆದು ಗಂಟು ಹಾಕಿಡುತ್ತಿದ್ದ. ಬೇರೆ ಕಡೆ ಹೊಲಿಸುತ್ತೇನೆಂದು ತಮ್ಮ ಶನಿವಾರ ಶನಿವಾರ ಆ ಕಟ್ಟುಗಳನ್ನು ಚೀಲಕ್ಕೆ ತುಂಬಿ ಒಯ್ಯುತ್ತಿದ್ದ. ಆ ನಾಲ್ಕು ತಿಂಗಳು ಮಾಸ್ತರನ ಮುಖಕ್ಕೆ ಕಳೆ ಬಂದಿತ್ತು. ತಾನು ಮತ್ತೆ ಕಟಿಂಗ್ ಮಾಸ್ತರ ಎಂದು ಅವನು ನಂಬಿದ್ದ.

ಒಂದು ಭಾನುವಾರ ನಡಿಗೆಯ ಅಭ್ಯಾಸಕ್ಕೆಂದು ಬೀದಿಯ ಕೊನೆಯ ಗ್ಯಾರೇಜಿನವರೆಗೆ ಹೋದ. ಮೆಕ್ಯಾನಿಕ್ ಕೈಗಂಟಿದ ಗ್ರೀಸ್ ಒರೆಸಿಕೊಳ್ಳುತ್ತಿದ್ದ. ಒರೆಸುತ್ತಿದ್ದದ್ದು ನೀಲಿ ಅಂಗಿಯ ಮುಂಭಾಗದ ತುಂಡಿನಿಂದ, ಕಂಕುಳ ಹತ್ತಿರ ಮಾಸ್ತರನ ಸೀಮೆಸುಣ್ಣದ ಗುರುತು ಹಾಗೇ ಇತ್ತು. ಮೆಕ್ಯಾನಿಕ್ ಪಾಪ, ಒಳಗುಟ್ಟು ಅರಿಯದವನು. ನಿಮ್ಮ ತಮ್ಮ ವಾರವಾರ ಒಂದು ಚೀಲ ಕೊಡುತ್ತಾರೆ, ಕಲೆ ಬಿದ್ದು ಮೂಲೆಗೆಸೆದಿದ್ದ ಥಾನಂತೆ, ಎಣ್ಣೆ ಚೆನ್ನಾಗಿ ಹೀರುತ್ತದೆ ಎಂದು ಹೊಗಳಿದ. ಮೂಲೆಯಲ್ಲಿ ಚೀಲವಿತ್ತು. ಮಾಸ್ತರ ಕೈ ಹಾಕಿದ. ತಾನು ಹಲ್ಲಿನಲ್ಲಿ ಎಳೆದ ಗಂಟುಗಳನ್ನು ಯಾರೂ ಬಿಚ್ಚಿಯೂ ಇರಲಿಲ್ಲ.

ಒಂದು ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಮನೆಗೆ ಬಂದು ಹೆಂಡತಿಯ ಮುಂದೆ ಹಾಕಿದ. ಅವಳು ಮುಖ ತಿರುಗಿಸಿದಳು. ಇವಳಿಗೂ ಗೊತ್ತಿತ್ತು ಎಂಬುದು ಅವನಿಗೆ ಆಗ ತಿಳಿಯಿತು.

“ನಿಮಗೂ ಹೊತ್ತು ಹೋಗ್ಲಿ ಅಂತ,” ಎಂದಳು. “ಇಡೀ ದಿನ ನಿಮ್ಮನ್ನ ನೋಡ್ಕೊಂಡು ನಂಗೂ ಸಾಕಾಗಿತ್ತು.”

ಅವನು ಅವಳ ರಟ್ಟೆ ಹಿಡಿದು ಮನೆಯ ಮಿಷನ್ ಮುಂದೆ ಕೂರಿಸಿದ. ಅವಳು ಹೊಲಿದಳು. ಅಂಗಿ ಸಿದ್ಧವಾದಾಗ ಮಾಸ್ತರ ಅದನ್ನು ಎತ್ತಿ ಹಿಡಿದು ನೋಡಿದ. ಆ ಭುಜ, ಆ ತೋಳು, ಯಾರದೆಂದು ಅವನ ಕಣ್ಣಿಗೆ ಹೇಳಿಕೊಡಬೇಕೇ? ಕಾರ್ಖಾನೆಯೇ ಇಲ್ಲದ ಮೇಲೆ ಅಳತೆ ಎಲ್ಲಿಂದ ತರುವುದು, ಸೋಮಾರಿ ತಮ್ಮ ತನ್ನ ಅಳತೆಯನ್ನೇ ಕೆಲವೊಮ್ಮೆ ಅಷ್ಟಿಷ್ಟು ಹಿಂದೆಮುಂದೆ ಮಾಡಿ, ಕೆಲವೊಮ್ಮೆ ಇದ್ದ ಹಾಗೇ ಬರೆದು ಕಳಿಸಿದ್ದ.

ಮರುದಿನ ಅಂಗಡಿಯಲ್ಲಿ, ಹೊಲಿಯುವ ಇಬ್ಬರ ಎದುರೇ, ಮಾಸ್ತರ ಅಂಗಿಯನ್ನು ತಮ್ಮನ ಎದೆಗೊತ್ತಿದ. ತಮ್ಮ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತ. ಅಳತೆಯೆಂದರೆ ಅದು ಅಳತೆ. ತೋಳೆತ್ತಿದರೆ ಎಲ್ಲೂ ಜಗ್ಗಲಿಲ್ಲ, ಇಳಿಸಿದರೆ ಒಂದು ನೆರಿಗೆಯಿಲ್ಲ. ತಾನು ತಿಪ್ಪರಲಾಗ ಹಾಕಿದರೂ ಇಂಥ ಭುಜ ಬಾರದೆಂಬುದು ತಮ್ಮನ ಮುಖದಲ್ಲೇ ಬರೆದಿತ್ತು. ಮಾಸ್ತರ ಅದನ್ನು ಓದಿದ. ಅವನಿಗೆ ಸಂತೋಷವಾಯಿತು, ಜೋರು ಸಂತೋಷ, ಸೊಟ್ಟ ಬಾಯಿಂದ ಜೊಲ್ಲು ಇಳಿಯುವಷ್ಟು.

“ಚೆನ್ನಾಗಿದೆ ಅಣ್ಣ,” ಎಂದ ತಮ್ಮ, ಗುಂಡಿ ಬಿಚ್ಚುತ್ತಾ. “ನಂಗೊತ್ತಿತ್ತು. ಒಂದು ಸಲ ಕಟ್ಟು ಬಿಚ್ಚಿ ನೋಡಿದ್ದೆ. ಅದಾದ್ಮೇಲೆ ಬಿಚ್ಚಲೇ ಇಲ್ಲ.”

“ಇದು,” ಎಂದ ಮಾಸ್ತರ, ತನ್ನ ಹಳೆಯ ಕಟಿಂಗ್ ಮೇಜು ತೋರಿಸಿ.

“ಹದಿನೆಂಟು ವರ್ಷ ನಾನೂ ಅದನ್ನೇ ಕೇಳ್ದೆ. ಕೊಟ್ಯಾ?”

ಅಂಗಿಯನ್ನು ಮಡಚಿ ಅಣ್ಣನ ಕೈಗಿಟ್ಟು ತಮ್ಮ ತನ್ನ ಕೆಲಸಕ್ಕೆ ತಿರುಗಿದ. ಹೊಲಿಯುವವರು ತಲೆ ಎತ್ತಲಿಲ್ಲ.

ಅದರ ಮಾರನೆಯ ಬೆಳಿಗ್ಗೆ ಹೆಂಡತಿ ಎಂದಿನಂತೆ ಅವನಿಗೆ ಚಪ್ಪಲಿ ತೊಡಿಸಿ ಕಳಿಸಿದಳು. ಮನೆಯಲ್ಲಿದ್ದು ಮಾಡುವುದಾದರೂ ಏನು? ಹಿಂದಿನ ಕೋಣೆಯ ಮೇಜಿನ ಮೇಲೆ ನೀಲಿ ಥಾನು ಇತ್ತು, ಚೀಟಿಯೂ ಇತ್ತು. ಮಾಸ್ತರ ಚೀಟಿ ನೋಡಲಿಲ್ಲ, ಟೇಪು ಮುಟ್ಟಲಿಲ್ಲ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಗಲದ ಚೌಕಗಳನ್ನು ಕತ್ತರಿಸತೊಡಗಿದ. ಗ್ರೀಸ್ ಒರೆಸುವುದಕ್ಕೆ ಎಷ್ಟು ಬೇಕೋ ಅಷ್ಟು, ಒಂದು ನೂಲೂ ಆಚೀಚೆಯಾಗದಂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ತಪ್ಪಲಿಲ್ಲ.

ಮಧ್ಯಾಹ್ನ ತಮ್ಮ ಬಂದು ಒಂದು ಚೌಕವನ್ನೆತ್ತಿ ಅಂಚು ಸವರಿ ನೋಡಿದ.

“ಒಳ್ಳೇದೇ ಆಯ್ತು ಅಣ್ಣ,” ಎಂದ. “ಇನ್ಮೇಲೆ ಚೀಟಿ ಬರೆಯೋ ಕೆಲಸ ತಪ್ಪಿತು ನಂಗೆ.”