ಅಂಗೈಯ ಭಾರ

"ಇದು ಯಾರು ಮಾಡಿದ್ದಮ್ಮಾ?"

ನರ್ಸ್ ಆಕೆಯ ಮೀನಖಂಡದ ಮೇಲೆ ಮೂಡಿದ್ದ ನೀಲಿ ಕಲೆಯ ಸುತ್ತ, ಮುಟ್ಟದೆಯೇ, ಬೆರಳಾಡಿಸಿದಳು. ಕೂದಲುದುರಿದ ತಲೆಗೆ ಸುತ್ತಿದ್ದ ವಸ್ತ್ರವನ್ನು ಸರಿಪಡಿಸಿಕೊಳ್ಳುತ್ತ ಆಕೆ ವಾರ್ಡಿನ ಬಾಗಿಲ ಕಡೆಗೆ ಗದ್ದ ಎತ್ತಿದಳು.

"ಇನ್ಯಾರು, ನಮ್ಮ ಮನೆಯವರು. ನೀವು ಕಾಲು ಸವರಿ ಅಂದ್ರಿ. ಇವರು ಇಸ್ತ್ರಿ ಹಾಕಿದ್ರು."

ಪಕ್ಕದ ಮಂಚದವಳು ನಕ್ಕಳು. ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಡ ನಗಲಿಲ್ಲ. ಯೌವನದಿಂದಲೂ ಊರವರ ಬಟ್ಟೆಗೆ ಇಸ್ತ್ರಿ ಹಾಕಿಯೇ ಸಂಸಾರ ನಡೆಸಿದ ಮನುಷ್ಯ ಆತ. ಸುಕ್ಕು ಕಂಡರೆ ಯಾರೋ ಜಗಳಕ್ಕೆ ಕರೆದಂತೆ ಎದ್ದು ನಿಲ್ಲುವನು. ಭುಜದ ಭಾರವನ್ನೆಲ್ಲ ಹೇರಿ, ಕಾಲರಿನಿಂದ ಅಂಚಿನವರೆಗೆ ಒಂದೇ ಎಳೆತಕ್ಕೆ ಎಳೆಯದಿದ್ದರೆ ಅವನ ಕೈಗೆ ಸಮಾಧಾನವಿಲ್ಲ. ಹಿಂದಿನ ಸಂಜೆ ಹೆಂಡತಿಯ ಕಾಲನ್ನೂ ಅದೇ ಶ್ರದ್ಧೆಯಿಂದ ಎಳೆದಿದ್ದ. ಆಕೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಎಷ್ಟೋ ಕಾಲದ ಮೇಲೆ ಅವನು ಮುಟ್ಟಿದ್ದ. ಬೇಡವೆನ್ನಲು ಮನಸ್ಸು ಬಂದಿರಲಿಲ್ಲ.

ಡಾಕ್ಟರು ಬಂದು ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು. ಔಷಧದಿಂದ ರಕ್ತ ತೆಳುವಾಗಿದೆ, ಸಣ್ಣ ಒತ್ತಡಕ್ಕೂ ಕಲೆ ಬೀಳುತ್ತದೆ. ಇನ್ನು ಮೇಲೆ ಅಂಗೈ, ಪಾದ ಎರಡೇ ಸಾಕು ಎಂದು ಹೇಳಿ ಹೋದರು.

"ಇಲ್ಲಿ ಬನ್ನಿ ಯಜಮಾನ್ರೇ," ಎಂದು ಕರೆದು ನರ್ಸ್ ಆಕೆಯ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ತೆಗೆದುಕೊಂಡಳು. "ಒತ್ತಬಾರದು, ತಿಕ್ಕಬಾರದು. ಎದೆಯ ಆಪರೇಷನ್ ಆದ ಕಡೆಗೆ ಹೋಗಲೇಬಾರದು. ನಿಮ್ಮ ಕೈ ತನ್ನ ಭಾರಕ್ಕೆ ತಾನು ಮಲಗಬೇಕು, ಅಷ್ಟೆ."

"ಅಷ್ಟರಿಂದ ಏನಾಗುತ್ತೆ?"

"ಕಾಯಿಲೆ ಹೋಗಲ್ಲ. ಹೆದರಿಕೆ ಸ್ವಲ್ಪ ಇಳಿಯುತ್ತೆ. ಕೆಲವರಿಗೆ ಹೊಟ್ಟೆ ತೊಳೆಸೋದು ಕಮ್ಮಿ ಆಗುತ್ತೆ, ನಿದ್ದೆ ಹತ್ತುತ್ತೆ."

"ಇಲ್ಲಿ ನನ್ನ ಮುಟ್ಟೋರಿಗೆಲ್ಲ ಏನೋ ಒಂದು ಕೆಲಸ ಇರುತ್ತೆ," ಎಂದಳು ಆಕೆ. "ಸೂಜಿ ಚುಚ್ಚಬೇಕು, ಪಟ್ಟಿ ಬಿಚ್ಚಬೇಕು. ಸುಮ್ಮನೆ ಮುಟ್ಟೋರು ಯಾರೂ ಇಲ್ಲ."

ಅವನು ತನ್ನ ಕೈಗಳನ್ನು ನೋಡಿಕೊಂಡು ಅವನ್ನು ಬೆನ್ನ ಹಿಂದೆ ಇಟ್ಟುಕೊಂಡ. "ಈ ಕೈಯಿಂದ ಆಗೋ ಕೆಲಸ ಅಲ್ಲ ಇದು."

ಮನೆಗೆ ಬಂದ ಮೇಲೂ ಆ ಕೈಗಳು ಮುಂದೆ ಬರಲಿಲ್ಲ. ಸೇವೆಯಲ್ಲಿ ಕೊರತೆಯಿರಲಿಲ್ಲ, ಹಾಲು, ಔಷಧ, ದಿಂಬು ಎಲ್ಲವೂ ಕೇಳುವ ಮೊದಲೇ ಬರುತ್ತಿದ್ದವು. ಆದರೆ ಮಾತ್ರೆಯನ್ನು ಅಂಗೈಗೆ ಹಾಕುವ ಬದಲು ಡಬ್ಬಿಯ ಮುಚ್ಚಳದಲ್ಲಿಟ್ಟು ದೂರದಿಂದ ನೂಕುತ್ತಿದ್ದ. ಅವಳು ಮೆಟ್ಟಿಲು ಇಳಿದರೆ ಎರಡೂ ತೋಳು ಚಾಚಿಕೊಂಡು ಹಿಂದೆ ಹಿಂದೆ ಬರುತ್ತಿದ್ದ.

"ಕೋಳಿ ಗೂಡಿಗೆ ಅಟ್ಟೋ ಹಾಗೆ ಯಾಕ್ರೀ ಬರ್ತೀರಿ? ಹಿಡ್ಕೊಳ್ಳಬಾರದಾ?"

"ಮೊದಲು ಆ ಕಲೆ ಹೋಗಲಿ."

"ಅದು ಹೋಯ್ತು. ನೀವು ನೋಡಿದ್ರೆ ತಾನೆ?"

ಅವನು ನೋಡಲಿಲ್ಲ. ಔಷಧ ಪಾದಗಳಲ್ಲಿ ಇರುವೆ ಹರಿದಾಡಿದಂತಹ ಉರಿಯನ್ನು ಉಳಿಸಿತ್ತು, ನಿದ್ದೆ ಸುಳಿಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಬೇರೆ: ಕಾಯಿಲೆ ತನ್ನನ್ನು ಬಿಟ್ಟು ಹೋದರೂ, ಈ ಮನುಷ್ಯನ ಕೈ ಮಾತ್ರ ಹೀಗೆಯೇ ಬೆನ್ನ ಹಿಂದೆ ಉಳಿದುಬಿಟ್ಟರೆ?

ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಅವಳು ಮನೆಯ ಕೆಳಗಿನ ಇಸ್ತ್ರಿ ಅಂಗಡಿಗೆ ಇಳಿದು ಬಂದಳು. ಆವಿಯ ವಾಸನೆಯ ನಡುವೆ ಅವನು ಅಂಗಿಯೊಂದನ್ನು ಮೇಜಿನ ಮೇಲೆ ಹರಡುತ್ತಿದ್ದ.

"ಪ್ಲಗ್ ಕಿತ್ತು, ಸ್ಟೂಲಿನ ಮೇಲೆ ಕೂತ್ಕೊಳ್ಳಿ. ನನ್ನ ಕಡೆ ಬೆನ್ನು ಮಾಡಿ."

"ಮೇಷ್ಟ್ರ ಅಂಗಿ ಕಣೇ, ಈಗ ಬರ್ತಾರೆ."

"ಮೇಷ್ಟ್ರು ಸುಕ್ಕಾದ ಅಂಗಿ ಹಾಕ್ಕೊಂಡ್ರೆ ಮಗ್ಗಿ ತಪ್ಪಿಹೋಗಲ್ಲ. ಕೂತ್ಕೊಳ್ಳಿ ಅಂದ್ನಲ್ಲ."

ಅವನು ಕೂತ. ಆಪರೇಷನ್ ಆಗದ ಕಡೆಯ ಕೈಯನ್ನು ಅವಳು ಅವನ ಕತ್ತಿನ ಹಿಂಭಾಗದಲ್ಲಿಟ್ಟಳು. ಅವನ ಮೈ ಹಲಗೆಯಂತೆ ಸೆಟೆದುಕೊಂಡಿತು.

"ಭುಜ ಇಳಿಸಿ. ಯಾರೂ ಹೊಡೆಯಲ್ಲ."

ಅಂಗೈ ಕತ್ತಿನಿಂದ ಭುಜಕ್ಕೆ, ಭುಜದಿಂದ ಬೆನ್ನಿನ ಮಧ್ಯಕ್ಕೆ, ಅವಸರವಿಲ್ಲದೆ ಇಳಿಯಿತು. ಅಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಂತು ಮತ್ತೆ ಮೇಲೆ ಬಂತು.

"ತಿಳೀತಾ, ಎಷ್ಟು ಭಾರ ಅಂತ?"

ತಿಳಿದಿತ್ತು. ಆದರೂ ಅವನು, "ಇಲ್ಲ. ಇನ್ನೊಂದು ಸಲ," ಎಂದ.

"ದಡ್ಡ ಶಿಷ್ಯ," ಎಂದು ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಅವಳ ಅಂಗೈಯ ಕೆಳಗೆ ಅವನ ಬೆನ್ನು ಸಣ್ಣಗೆ ಅದುರತೊಡಗಿತು. ಇಷ್ಟು ದಿನ ತನ್ನನ್ನು ಮಾತ್ರವಲ್ಲ, ಇವನನ್ನೂ ಯಾರೂ ಮುಟ್ಟಿರಲಿಲ್ಲವೆಂದು ಅವಳಿಗೆ ಆಗ ಹೊಳೆಯಿತು.

"ಅಳ್ತಿದ್ದೀರಾ?"

"ಇಸ್ತ್ರಿ ಕಾವಿಗೆ ಬೆವರು."

"ಪ್ಲಗ್ ಕಿತ್ತು ಯಾವ ಕಾಲ ಆಯ್ತು!"

ಅವನು ಕುರ್ಚಿ ಎಳೆದು ಅವಳನ್ನು ಕೂರಿಸಿದ. ಕೂರಿಸುವಾಗ ತೋಳು ಹಿಡಿದದ್ದು ಇಬ್ಬರಿಗೂ ಗೊತ್ತಾಯಿತು. ಅವಳು ಪಾದವನ್ನು ಅವನ ತೊಡೆಯ ಮೇಲಿಟ್ಟಳು. ಅವನ ಕೈ ಪಾದದ ಮೇಲಕ್ಕೆ ಬಂದು, ಮುಟ್ಟದೆ ಅಲ್ಲೇ ನಿಂತಿತು.

"ಇನ್ನೂ ಗಾಳೀಲೇ ಇದೆ."

"ಈಗ?"

"ಹೂಂ. ಈಗ ಬಂತು."

"ನೋವಾದ್ರೆ ಹೇಳು."

"ಹೇಳದೆ ಬಿಡೋಳಾ ನಾನು? ಆವತ್ತು ಒಂದು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೇ ಇಷ್ಟೆಲ್ಲ ಆಯ್ತು."

ಅವನ ಒರಟು ಅಂಗೈ ಹಿಮ್ಮಡಿಯಿಂದ ಬೆರಳುಗಳವರೆಗೆ ಮೆಲ್ಲಗೆ ಸಾಗಿತು. ಅವಳು ಕಣ್ಣು ಮುಚ್ಚಿದಳು.

"ಇರುವೆಗಳು ನಿಂತ್ವು ನೋಡಿ. ಎಲ್ಲ ಅಲ್ಲ. ಅರ್ಧ ಅಂದ್ಕೊಳ್ಳಿ."

"ಇನ್ನರ್ಧ?"

"ಅವು ನಿಮ್ಮ ಥರ. ಹೇಳಿದ ತಕ್ಷಣ ಕೇಳಲ್ಲ... ರೀ, ಮಹಡಿ ಕಿಟಕಿ ತೆರೆದಿಟ್ಟು ಬಂದೆ, ಬೆಕ್ಕು ಬಂದು ಹಾಲಿಗೆ..."

ಮಾತು ಅಲ್ಲಿಗೇ ನಿಂತಿತು. ಅವನು ತಲೆ ಎತ್ತಿ ನೋಡಿದ. ಅವಳ ಬಾಯಿ ಸ್ವಲ್ಪ ತೆರೆದಿತ್ತು; ತಲೆಯ ವಸ್ತ್ರ ಒಂದು ಕಿವಿಯ ಮೇಲಕ್ಕೆ ಜಾರಿತ್ತು.

ಮೇಷ್ಟ್ರು ಬಂದವರು ಬಾಯಿ ತೆರೆಯುವುದರೊಳಗೆ ಅವನು ಕಣ್ಣಿನಲ್ಲೇ ತಡೆದ. ಅವರು ಆ ಕುರ್ಚಿಯನ್ನು ನೋಡಿದರು, ಪಾದವನ್ನು ನೋಡಿದರು. ಇಸ್ತ್ರಿ ಕಾಣದ ಅಂಗಿಯನ್ನು ತಾವೇ ಮೇಜಿನಿಂದ ಎತ್ತಿ ತೋಳಿನ ಮೇಲೆ ಹಾಕಿಕೊಂಡು, ಸದ್ದಾಗದಂತೆ ಬಾಗಿಲನ್ನು ಮುಂದಕ್ಕೆಳೆದು ಹೋದರು.

ಮಹಡಿಯ ಮೇಲೆ ಪಾತ್ರೆ ಉರುಳಿದ ಶಬ್ದವಾಯಿತು. ಅವನು ಏಳಲಿಲ್ಲ. ನಿದ್ದೆ ಗಾಢವಾದಂತೆ ಅವಳ ಪಾದ ಅವನ ಕೈಯಲ್ಲಿ ಸ್ವಲ್ಪಸ್ವಲ್ಪವೇ ಭಾರವಾಗುತ್ತಿತ್ತು.